ಪೌಂಡಿಗೊಂದು ಪ್ಲೇಟು

ಬ್ರಿಟನ್ನಿನ ಯಾವ ಊರಿಗೆ ಬೇಕಾದರೂ ಹೋಗಿ. ಪೇಟೆಬೀದಿಯ ಬ್ಯಾಂಕು ಬಾಗಿಲು ಹಾಕಿರಬಹುದು, ಅಂಚೆ ಕಚೇರಿ ಎತ್ತಂಗಡಿಯಾಗಿರಬಹುದು; ದಾನವಾಗಿ ಬಂದ ಸಾಮಾನು ಮಾರಿ ಸೇವಾಸಂಸ್ಥೆಗೆ ಹಣ ಕೂಡಿಸುವ ಚಾರಿಟಿ ಶಾಪ್ ಮಾತ್ರ ಇದ್ದೇ ಇರುತ್ತದೆ. ಅದೂ ಒಂದರ ಪಕ್ಕ ಒಂದರಂತೆ ನಾಲ್ಕೈದು. ಆಕ್ಸ್‌ಫ್ಯಾಮ್, ಬ್ರಿಟಿಷ್ ಹಾರ್ಟ್ ಫೌಂಡೇಷನ್, ಕ್ಯಾನ್ಸರ್ ರಿಸರ್ಚ್ ಯುಕೆ, ಬರ್ನಾರ್ಡೋಸ್, ಏಜ್ ಯುಕೆ, ಇವುಗಳ ಜೊತೆಗೆ ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ಆ ಊರಿನ ಹಾಸ್ಪಿಸ್‌ನವರು ನಡೆಸುವ ಇನ್ನೊಂದು. ಕಿಟಕಿಯಲ್ಲಿ ಕೋಟುಗಳು, ಪಿಂಗಾಣಿ ಕಪ್ಪುಗಳು, ಮಕ್ಕಳ ಆಟಿಕೆಗಳು. ಒಳಗೆ ಹಿಂದಿನ ಗೋಡೆಯ ಹತ್ತಿರ, ಪುಸ್ತಕದ ಕಪಾಟಿನ ಬುಡದಲ್ಲಿ, ನೆಲದ ಮೇಲೆ ಒಂದು ಪ್ಲಾಸ್ಟಿಕ್ ಕ್ರೇಟು. ಅದರ ತುಂಬ ಎಲ್‌ಪಿಗಳು, ಅಂದರೆ ಹಳೆಯ ಗ್ರಾಮಫೋನ್ ಪ್ಲೇಟುಗಳು. ಪಕ್ಕದ ಸ್ಟ್ಯಾಂಡಿನಲ್ಲಿ ಸಿ.ಡಿ.ಗಳು. ಆ ಕ್ರೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕವರನ್ನು ಮುಂದಕ್ಕೆ ವಾಲಿಸುತ್ತ ಹೋಗುವವರ ದೊಡ್ಡ ಬಳಗವೇ ಆ ದೇಶದಲ್ಲಿದೆ. ನಾನೂ ಅವರಲ್ಲೊಬ್ಬ.

ಬೆಲೆ ಊರಿಂದೂರಿಗೆ, ಅಂಗಡಿಯಿಂದ ಅಂಗಡಿಗೆ ಬೇರೆ. ಸಾಮಾನ್ಯವಾಗಿ ಸಿ.ಡಿ.ಗೆ 50 ಪೆನ್ನಿಯಿಂದ 2 ಪೌಂಡ್, ಸಾಧಾರಣ ಎಲ್‌ಪಿಗೆ ಒಂದರಿಂದ ಮೂರು ಪೌಂಡ್. ಹೊಸ ಎಲ್‌ಪಿಗೆ ಸಂಗೀತದ ಅಂಗಡಿಯಲ್ಲಿ ಈಗ 25–30 ಪೌಂಡ್ ತೆರಬೇಕು. ಇಷ್ಟೊಂದು ಅಗ್ಗಕ್ಕೆ ಕಾರಣವಿದೆ. ಸರಕೆಲ್ಲ ಜನ ಪುಕ್ಕಟೆಯಾಗಿ ಕೊಟ್ಟದ್ದು. ಕೌಂಟರಿನ ಹಿಂದೆ ಇರುವವರು ಬಹುಪಾಲು ಸ್ವಯಂಸೇವಕರು. ಸಂಬಳಕ್ಕಿರುವವರು ಒಬ್ಬ ಮ್ಯಾನೇಜರ್, ಹೆಚ್ಚೆಂದರೆ ಇನ್ನೊಬ್ಬರು. ದಾನವಾಗಿ ಬಂದ ವಸ್ತುವನ್ನು ಮಾರಿದರೆ ವ್ಯಾಟ್ ತೆರಿಗೆ ಸೊನ್ನೆ. ಕಟ್ಟಡದ ಮೇಲಿನ ಬಿಸಿನೆಸ್ ರೇಟ್ಸ್ ತೆರಿಗೆಯಲ್ಲಿ ಶೇ 80ರಷ್ಟು ರಿಯಾಯಿತಿ. ಕೊಟ್ಟವರು ತೆರಿಗೆ ಕಟ್ಟುವವರಾಗಿದ್ದು ‘ಗಿಫ್ಟ್ ಏಡ್’ ಚೀಟಿಗೆ ಸಹಿ ಹಾಕಿದ್ದರೆ, ಮಾರಾಟದ ಪ್ರತಿ ಪೌಂಡಿಗೆ ಸರ್ಕಾರ ಇನ್ನೂ 25 ಪೆನ್ನಿ ಸೇರಿಸುತ್ತದೆ. ಹಾಗಾಗಿ ಒಂದು ಪೌಂಡಿಗೆ ಹೋದ ಪ್ಲೇಟಿನಿಂದಲೂ ಸಂಸ್ಥೆಗೆ ನಾಲ್ಕು ಕಾಸು ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಈಗ ಇಂಥ ಅಂಗಡಿಗಳು 10,000ಕ್ಕೂ ಹೆಚ್ಚು. ಇವಕ್ಕೆ ಇಂದಿನ ರೂಪ ಬಂದದ್ದು ಯುದ್ಧದ ವರ್ಷಗಳಲ್ಲಿ. 1941ರಲ್ಲಿ ಬ್ರಿಟಿಷ್ ರೆಡ್ ಕ್ರಾಸ್ ಲಂಡನ್ನಿನ ಓಲ್ಡ್ ಬಾಂಡ್ ಸ್ಟ್ರೀಟಿನಲ್ಲಿ ಜನ ಕೊಟ್ಟ ಸಾಮಾನುಗಳ ಅಂಗಡಿ ತೆರೆಯಿತು. 1942ರಲ್ಲಿ, ನಾಜಿಗಳ ವಶದಲ್ಲಿದ್ದ ಗ್ರೀಸಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ, ಆಕ್ಸ್‌ಫರ್ಡಿನಲ್ಲಿ ಕ್ಷಾಮ ಪರಿಹಾರ ಸಮಿತಿಯೊಂದು ಹುಟ್ಟಿತು; ಅದೇ ಮುಂದೆ ಆಕ್ಸ್‌ಫ್ಯಾಮ್. ಆ ದಶಕದ ಕೊನೆಗೆ ಅದು ಬ್ರಾಡ್ ಸ್ಟ್ರೀಟಿನಲ್ಲಿ ತೆರೆದ ಅಂಗಡಿ ಇವತ್ತಿಗೂ ಅಲ್ಲೇ ಇದೆ. ಈಗ ಆಕ್ಸ್‌ಫ್ಯಾಮ್ ಪುಸ್ತಕ ಮತ್ತು ಸಂಗೀತಕ್ಕೆಂದೇ ಪ್ರತ್ಯೇಕ ಅಂಗಡಿಗಳನ್ನೂ ನಡೆಸುತ್ತದೆ. ಅಂಥ ಕಡೆ ವಿಂಗಡಣೆ ಅಚ್ಚುಕಟ್ಟು, ಬೆಲೆಯೂ ಒಂದು ಕೈ ಮೇಲು. ನನಗೆ ಹೆಚ್ಚು ಇಷ್ಟ ಹಾಸ್ಪಿಸ್‌ನವರ ಗಲಿಬಿಲಿಯ ಕ್ರೇಟುಗಳೇ.

ನಮ್ಮಲ್ಲಿ ಹಳೆಯ ಸಾಮಾನು ಗುಜರಿಯವನ ತಕ್ಕಡಿಗೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿನ ಸಂಡೇ ಬಜಾರಿಗೋ ಅವೆನ್ಯೂ ರಸ್ತೆಗೋ ಬರುತ್ತದೆ. ಆ ದಾರಿಯಲ್ಲಿ ಒಬ್ಬ ವ್ಯಾಪಾರಿಯ ಕಣ್ಣು ಅದನ್ನು ಅಳೆದಿರುತ್ತದೆ. ಚಾರಿಟಿ ಶಾಪಿಗೆ ಬರುವುದು ಹೆಚ್ಚಾಗಿ ಮನೆ ಖಾಲಿ ಮಾಡುವಾಗ. ಅಜ್ಜ ತೀರಿಕೊಂಡಿರುತ್ತಾರೆ, ಅಜ್ಜಿ ವೃದ್ಧಾಶ್ರಮಕ್ಕೆ ಹೊರಟಿರುತ್ತಾರೆ. ಮಕ್ಕಳು ಕಾರಿನ ಡಿಕ್ಕಿಗೆ ತುಂಬಿ ತಂದು ಹಿಂಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ಒಂದು ಮನೆಯಲ್ಲಿ ನಲವತ್ತು ವರ್ಷ ಕೇಳಿದ ಸಂಗೀತವೆಲ್ಲ ಒಟ್ಟಿಗೇ ಬರುತ್ತದೆ, ಒಳ್ಳೆಯದು ಕೆಟ್ಟದ್ದು ಎಂದು ಯಾರೂ ಸೋಸಿರುವುದಿಲ್ಲ. ಅದಕ್ಕೇ ಆ ಕ್ರೇಟು ಒಂದು ದೇಶ ನಿಜವಾಗಿ ಏನು ಕೇಳಿತು ಎಂಬುದನ್ನು ಸಂಗೀತದ ಇತಿಹಾಸದ ಪುಸ್ತಕಗಳಿಗಿಂತ ಪ್ರಾಮಾಣಿಕವಾಗಿ ಹೇಳುತ್ತದೆ.

ಪುಸ್ತಕಗಳ ಪ್ರಕಾರ ಅರವತ್ತರ ದಶಕ ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ಕಾಲ. ಕ್ರೇಟಿನ ಪ್ರಕಾರ ಅದು ‘ದಿ ಸೌಂಡ್ ಆಫ್ ಮ್ಯೂಸಿಕ್’ ಕಾಲ. ಆ ಚಿತ್ರದ ಹಾಡುಗಳ ಎಲ್‌ಪಿ ಬ್ರಿಟನ್ನಿನ ಪಟ್ಟಿಯಲ್ಲಿ ಒಟ್ಟು 70 ವಾರ ಮೊದಲ ಸ್ಥಾನದಲ್ಲಿತ್ತು. ಅದಕ್ಕೂ ಮುಂಚಿನ ‘ಸೌತ್ ಪೆಸಿಫಿಕ್’ 115 ವಾರ. ಇವೆರಡೂ ಇಲ್ಲದ ಚಾರಿಟಿ ಶಾಪ್ ಸಿಗುವುದು ಕಷ್ಟ. ಅವುಗಳ ಜೊತೆಗೆ ಜರ್ಮನಿಯ ವಾದ್ಯವೃಂದದ ನಾಯಕ ಜೇಮ್ಸ್ ಲಾಸ್ಟ್, ಮಾಂಟೋವಾನಿಯ ಪಿಟೀಲು ಮೇಳ, ಗಾಯಕ ಜಿಮ್ ರೀವ್ಸ್. ಆಮೇಲೆ ‘ಟಾಪ್ ಆಫ್ ದಿ ಪಾಪ್ಸ್’ ಹೆಸರಿನ ಅಗ್ಗದ ಸರಣಿ: ಆ ತಿಂಗಳ ಜನಪ್ರಿಯ ಹಾಡುಗಳನ್ನು ಹೆಸರಿಲ್ಲದ ಗಾಯಕರಿಂದ ಹಾಡಿಸಿ ಅರ್ಧ ಬೆಲೆಗೆ ಮಾರುತ್ತಿದ್ದರು. ಪ್ರಸಿದ್ಧಿಗೆ ಬರುವ ಮುಂಚೆ ಎಲ್ಟನ್ ಜಾನ್ ಕೂಡ ಇಂಥ ಅಗ್ಗದ ಪ್ಲೇಟುಗಳಿಗೆ ಹಾಡಿ ಹೊಟ್ಟೆ ಹೊರೆದವರು. ಸಿ.ಡಿ. ಸ್ಟ್ಯಾಂಡಿನಲ್ಲೂ ಇದೇ ಕಥೆ. ಸಿಂಪ್ಲಿ ರೆಡ್‌ನ ‘ಸ್ಟಾರ್ಸ್’, ಡೈಡೋಳ ‘ನೋ ಏಂಜೆಲ್’, ರಾಬಿ ವಿಲಿಯಮ್ಸ್: ತೊಂಬತ್ತರ ದಶಕದಿಂದೀಚೆಗೆ ಲಕ್ಷಗಟ್ಟಲೆ ಮಾರಾಟವಾದದ್ದೆಲ್ಲ ಈಗ ಇಲ್ಲಿ ಇಳಿದಿದೆ.

ಅಗ್ಗವೆಂಬುದು ಕಿವಿಗೆ ಮಾಡುವ ಉಪಕಾರ ದೊಡ್ಡದು. ಮೂವತ್ತು ಪೌಂಡ್ ಕೊಡುವವನು ತನಗೆ ಆಗಲೇ ಇಷ್ಟವಾದದ್ದನ್ನೇ ಕೊಳ್ಳುತ್ತಾನೆ. ಒಂದು ಪೌಂಡ್ ಕೊಡುವವನು ಹೆಸರೇ ಕೇಳದ್ದನ್ನೂ ಮನೆಗೆ ತರುತ್ತಾನೆ. ಯಾರ್ಕ್‌ಷೈರಿನ ಹಿತ್ತಾಳೆ ವಾದ್ಯಗಳ ಬ್ಯಾಂಡು ನನಗೆ ಪರಿಚಯವಾದದ್ದು ಹೀಗೆ. ಗ್ರೈಮ್‌ಥಾರ್ಪ್ ಎಂಬ ಕಲ್ಲಿದ್ದಲ ಊರಿನ ಗಣಿ ಬ್ಯಾಂಡಿನ ಎಲ್‌ಪಿ ಅದು. ಹಿಂಬದಿಯಲ್ಲಿ ಹಾಡುಗಳ ಪಟ್ಟಿಯ ಪಕ್ಕದಲ್ಲಿ ಹಿಂದಿನ ಒಡೆಯರು ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಸರಿ ಗುರುತು ಹಾಕಿದ್ದರು. ಎರಡನೆಯ ಬದಿಯ ನಿಧಾನಗತಿಯ ಒಂದು ಪ್ರಾರ್ಥನಾ ಗೀತೆಗೆ ಮಾತ್ರ ಎರಡು ಗುರುತು. ಅಲ್ಲಿಗೇ ಮುಳ್ಳು ಇಟ್ಟೆ. ಹಗಲೆಲ್ಲ ಭೂಮಿಯೊಳಗೆ ದುಡಿದು ಸಂಜೆ ಅಭ್ಯಾಸಕ್ಕೆ ಕೂರುತ್ತಿದ್ದವರು ಕಾರ್ನೆಟ್ಟಿನಿಂದ ಅಷ್ಟು ಮೃದುವಾದ ಸ್ವರ ಹೊರಡಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಗಣಿ 1993ರಲ್ಲಿ ಮುಚ್ಚಿತು, ಬ್ಯಾಂಡು ಉಳಿದಿದೆ. ವೇಲ್ಸಿನ ಅಂಗಡಿಗಳಿಗೆ ಹೋದರೆ ಇದೇ ಜಾಗದಲ್ಲಿ ಗಂಡಸರ ಕಾಯರ್ ಪ್ಲೇಟುಗಳು, ಸ್ಕಾಟ್ಲೆಂಡಿನಲ್ಲಿ ಜಿಮ್ಮಿ ಶ್ಯಾಂಡ್‌ನ ಅಕಾರ್ಡಿಯನ್. ಲೆಸ್ಟರ್, ಸೌತ್‌ಹಾಲ್, ಬರ್ಮಿಂಗ್‌ಹ್ಯಾಮ್‌ ಕಡೆ ರಫಿ, ಲತಾ, ಭಾಂಗ್ರಾ ಇಣುಕುತ್ತವೆ. ಯಾವ ನೆಲದ ಮೇಲೆ ನಿಂತಿದ್ದೇವೆ ಎಂಬುದನ್ನು ಕ್ರೇಟೇ ಹೇಳಿಬಿಡುತ್ತದೆ.

ಇನ್ನು ಪ್ಲೇಟು ನೋಡುವ ಬಗೆ. ಮೊದಲು ಕವರಿನೊಳಗೆ ಅದೇ ಪ್ಲೇಟು ಇದೆಯೇ ನೋಡಬೇಕು. ಬೀಥೋವನ್ ಕವರಿನಲ್ಲಿ ಕ್ರಿಸ್‌ಮಸ್ ಹಾಡುಗಳಿರುವುದು ತೀರ ಸಾಮಾನ್ಯ. ಅಂಚನ್ನು ಎರಡು ಅಂಗೈಗಳ ನಡುವೆ ಹಿಡಿದು ಟ್ಯೂಬ್‌ಲೈಟಿಗೆ ಓರೆಯಾಗಿಸಿದರೆ ಗೀರುಗಳು ಎದ್ದು ಕಾಣುತ್ತವೆ. ಕೂದಲೆಳೆಯಂಥ ಗೀರಿಗೆ ಹೆದರಬೇಕಿಲ್ಲ. ಉಗುರಿಗೆ ತಡೆಯುವಂಥದ್ದಾದರೆ ಅದು ಟಕ್ ಟಕ್ ಎಂದು ಕೇಳಿಸಿಯೇ ಕೇಳಿಸುತ್ತದೆ. ಆಮೇಲೆ ನಡುವಿನ ರಂಧ್ರದ ಸುತ್ತ ಲೇಬಲಿನ ಮೇಲೆ ಬೂದುಬಣ್ಣದ ಸಣ್ಣ ಗೆರೆಗಳಿವೆಯೇ ನೋಡಿ. ಯಂತ್ರದ ನಡುವಿನ ಕಡ್ಡಿಗೆ ರಂಧ್ರ ಸಿಗದೆ ಹಾಕುವವರು ತಡಕಾಡಿದ ಗುರುತುಗಳಿವು. ಗೆರೆಗಳು ಹೆಚ್ಚಿದ್ದಷ್ಟೂ ಪ್ಲೇಟು ಹೆಚ್ಚು ಸಲ ತಿರುಗಿದೆ ಎಂದರ್ಥ. ಐವತ್ತು ಅರವತ್ತರ ದಶಕದ ಡ್ಯಾನ್ಸೆಟ್‌ನಂಥ ಯಂತ್ರಗಳ ತೋಳು ಭಾರ, ಮುಳ್ಳು ಒರಟು. ಅವುಗಳ ಮೇಲೆ ತಿರುಗಿದ ಪಾಪ್ ಪ್ಲೇಟುಗಳು ಕಣ್ಣಿಗೆ ಹೊಳೆಯುತ್ತಿದ್ದರೂ ಕಿವಿಗೆ ಕರಕರ. ಶಾಸ್ತ್ರೀಯ ಸಂಗೀತದ ಪ್ಲೇಟುಗಳನ್ನು ಮಾತ್ರ ಜನ ಜತನದಿಂದ ಇಟ್ಟುಕೊಂಡಿರುತ್ತಾರೆ. ಅಂಗಡಿಗಳಲ್ಲಿ ಅವಕ್ಕೇ ಬೆಲೆ ಕಡಿಮೆ.

ಕೊನೆಯ ಹಾಡಿಗೂ ಲೇಬಲಿಗೂ ನಡುವಿನ ಖಾಲಿ ಜಾಗವನ್ನೂ ಓದಬೇಕು. ಅಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ ಕೊರೆದಿರುತ್ತದೆ, ಯಾವ ಅಚ್ಚು ಎಂದು ತಿಳಿಯುವುದು ಅದರಿಂದ. ಜಾರ್ಜ್ ಪೆಕ್‌ಹ್ಯಾಮ್ ಎಂಬ ಇಂಜಿನಿಯರ್ ತಾನು ಅಚ್ಚು ಕೊರೆದ ಪ್ಲೇಟುಗಳಲ್ಲಿ ‘ಎ ಪೋರ್ಕಿ ಪ್ರೈಮ್ ಕಟ್’ ಎಂದು ಕೈಯಾರೆ ಗೀಚುತ್ತಿದ್ದ. ಅದು ಕಂಡರೆ ಪ್ಲೇಟು ಬೇಟೆಗಾರರು ಕಣ್ಣುಮುಚ್ಚಿ ಕೊಳ್ಳುತ್ತಾರೆ, ಧ್ವನಿ ಅಷ್ಟು ತುಂಬಿಕೊಂಡಿರುತ್ತದೆ.

ಸಿ.ಡಿ.ಯದು ಬೇರೆ ಪರೀಕ್ಷೆ. ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ ಕೆಲವು ವರ್ಷ ತಯಾರಾದ ಎಷ್ಟೋ ಡಿಸ್ಕುಗಳು ಅಂಚಿನಿಂದ ಒಳಕ್ಕೆ ಕಂಚಿನ ಬಣ್ಣಕ್ಕೆ ತಿರುಗುತ್ತವೆ. ಮೇಲಿನ ಲ್ಯಾಕರ್ ಲೇಪನ ಕವರಿನ ಕಾಗದದಲ್ಲಿದ್ದ ಗಂಧಕದ ಅಂಶವನ್ನು ತಡೆಯಲಿಲ್ಲ, ಒಳಗಿನ ಲೋಹದ ಪದರ ಕೆಟ್ಟಿತು. ಅಂಥ ಡಿಸ್ಕಿನ ಕೊನೆಯ ಹಾಡುಗಳು ಸಿಡಿಸಿಡಿ ಎನ್ನುತ್ತವೆ. ಕೆಳಬದಿ ಬೆಳ್ಳಗಿದ್ದು ಮೇಲ್ಬದಿ ಕಂದಿದ್ದರೆ ಬಿಟ್ಟುಬಿಡಿ.

ಬೆಲೆಬಾಳುವ ಪ್ಲೇಟು ಸಿಗುವುದೇ ಇಲ್ಲವೆಂದಲ್ಲ. ಡೆಕ್ಕಾ ಕಂಪನಿ 1958ರಲ್ಲಿ ಆರಂಭಿಸಿದ ಎಸ್‌ಎಕ್ಸ್‌ಎಲ್ ಸ್ಟೀರಿಯೊ ಸರಣಿಯ ಮೊದಲ ಮುದ್ರಣಗಳು, ಕೊಲಂಬಿಯಾದ ನೀಲಿ–ಬೆಳ್ಳಿ ಲೇಬಲಿನ ಎಸ್‌ಎಎಕ್ಸ್ ಪ್ಲೇಟುಗಳು ಜಪಾನಿನ ಸಂಗ್ರಾಹಕರವರೆಗೂ ಹೋಗುತ್ತವೆ. ಪಿಟೀಲುವಾದಕಿ ಯೊಹಾನ್ನಾ ಮಾರ್ಟ್ಸಿ ಐವತ್ತರ ದಶಕದಲ್ಲಿ ಕೊಲಂಬಿಯಾಕ್ಕೆ ನುಡಿಸಿದ ಬಾಖ್ ಕೃತಿಗಳ ಮೂಲ ಎಲ್‌ಪಿಗಳಿಗೆ ಸಾವಿರಾರು ಪೌಂಡ್. ವಾಷ್ಟಿ ಬನ್ಯನ್ ಎಂಬ ಗಾಯಕಿಯ 1970ರ ಎಲ್‌ಪಿಯನ್ನು ಆಗ ಕೊಂಡವರೇ ವಿರಳ, ಈಗ ಅದರ ಮೂಲ ಪ್ರತಿಗೂ ಸಾವಿರದ ಲೆಕ್ಕ. ಇವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಉಳಿದದ್ದೇನೂ ಕಾಣುವುದಿಲ್ಲ. ಫೋನಿನಲ್ಲಿ ಬೆಲೆ ನೋಡುತ್ತಲೇ ಕ್ರೇಟು ಮಗುಚಿ ಹೋಗುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ನಾನು ಹುಡುಕುವ ಪ್ಲೇಟು ಬೇರೆ, ಅದು ಮೈಸೂರಿಗೆ ಸೇರಿದ್ದು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತ ರಚನಕಾರ ಕ್ರಾಂತಿಯ ನಂತರ ದೇಶ ಬಿಟ್ಟು, 1935ರಿಂದ ಲಂಡನ್ನಿನಲ್ಲಿ ನೆಲೆಸಿದ್ದ. ಯುದ್ಧ ಮುಗಿಯುವ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ಕೈ ಬರಿದಾಗಿತ್ತು, ಅವನ ಸಂಗೀತವನ್ನು ಕೇಳುವವರು ಕಡಿಮೆಯಾಗಿದ್ದರು. ಆಗ ನೆರವಿಗೆ ಬಂದವರು ಜಯಚಾಮರಾಜೇಂದ್ರ ಒಡೆಯರು. ಪಿಯಾನೊ ಕಲಿತಿದ್ದ, ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದ ಅರಸರು ಅವರು. ಅವರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ನಡೆಯಿತು. ಮುದುಕನಾಗಿದ್ದ ಮೆಟ್ನರ್ ತಾನೇ ಪಿಯಾನೊ ಮುಂದೆ ಕೂತು ತನ್ನ ಕೃತಿಗಳನ್ನು ಎಚ್‌ಎಂವಿಗೆ ನುಡಿಸಿದ. ಹಾಡುಗಳಿಗೆ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ದನಿಗೂಡಿಸಿದರು. ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವನು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಇದೇ ಅರಸರ ನೆರವಿನಿಂದ.

ಆ ಮೆಟ್ನರ್ ಆಲ್ಬಮ್‌ಗಳು ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳು, ಅಂದರೆ ಎಲ್‌ಪಿಗಳ ವಿನೈಲ್ ಪ್ಲಾಸ್ಟಿಕ್ ಬರುವುದಕ್ಕೆ ಮುಂಚಿನ ಅರಗಿನ ಪ್ಲೇಟುಗಳು. ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದಲೇ. ಯುದ್ಧದ ಹೊತ್ತಿನಲ್ಲಿ ಅದು ಸಾಲದೆ ಬಂದಾಗ ಹಳೆಯ ಪ್ಲೇಟುಗಳನ್ನು ಪುಡಿಮಾಡಿ ಹೊಸವಕ್ಕೆ ಬೆರೆಸಿದ್ದುಂಟು. ಕೈತಪ್ಪಿದರೆ ಹೆಂಚಿನಂತೆ ಒಡೆಯುವ ಈ ಪ್ಲೇಟುಗಳನ್ನು ಎಷ್ಟೋ ಚಾರಿಟಿ ಶಾಪುಗಳು ಹೊರಗೆ ಇಡುವುದೇ ಇಲ್ಲ. ಕೊಳ್ಳುವವರಿಲ್ಲ, ಜಾಗ ತಿನ್ನುತ್ತವೆ. ಹಾಗಾಗಿ ಕೌಂಟರಿನಲ್ಲಿ ಕೇಳಬೇಕು. ‘ಹಿಂದೆ ಹಳೆಯ 78ಗಳೇನಾದರೂ ಇವೆಯೇ?’ ಎಂದರೆ ಸಾಮಾನ್ಯವಾಗಿ ಯಾರಾದರೂ ಹಿರಿಯ ಹೆಂಗಸು ಒಳಗೆ ಹೋಗಿ ಒಂದು ಭಾರವಾದ ಪೆಟ್ಟಿಗೆ ತಂದು ಇಡುತ್ತಾರೆ. ಮೆಟ್ನರ್ ನನಗಿನ್ನೂ ಸಿಕ್ಕಿಲ್ಲ. ಸಿ.ಡಿ.ಯಲ್ಲಿ ಕೇಳಿದ್ದೇನೆ, ಆ ಪಿಯಾನೊದಲ್ಲಿ ಅವಸರವೂ ಇಲ್ಲ, ಅಳುಕೂ ಇಲ್ಲ. ಮೈಸೂರಿನ ದುಡ್ಡು ಸಾರ್ಥಕವಾಯಿತು ಎಂದು ಮನಸ್ಸು ತುಂಬಿ ಬರುತ್ತದೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಲೋಕ ಬದಲಾಗಿದೆ. ಬ್ರಿಟನ್ನಿನಲ್ಲಿ 2007ರ ಹೊತ್ತಿಗೆ ವರ್ಷಕ್ಕೆ ಎರಡು ಲಕ್ಷಕ್ಕೆ ಕುಸಿದಿದ್ದ ಎಲ್‌ಪಿ ಮಾರಾಟ 2023ರಲ್ಲಿ 60 ಲಕ್ಷದ ಹತ್ತಿರ ಬಂತು. 2000ದಲ್ಲಿ ಶುರುವಾದ ಡಿಸ್ಕಾಗ್ಸ್ ತಾಣದಲ್ಲಿ ಯಾವ ಪ್ಲೇಟು ಎಷ್ಟಕ್ಕೆ ಹೋಯಿತೆಂದು ಯಾರು ಬೇಕಾದರೂ ನೋಡಬಹುದು, ಅಂಗಡಿಯ ಸ್ವಯಂಸೇವಕರೂ ನೋಡುತ್ತಾರೆ. ಒಳ್ಳೆಯ ಪ್ಲೇಟು ಕ್ರೇಟಿಗೆ ಬರುವ ಮುಂಚೆಯೇ ಸಂಸ್ಥೆಯ ಆನ್‌ಲೈನ್ ಅಂಗಡಿಗೆ ಹೋಗುತ್ತದೆ. ಹಳೆಯ ಬೇಟೆಗಾರರು ಇದಕ್ಕೆ ಗೊಣಗುತ್ತಾರೆ. ನನಗೆ ಆ ಗೊಣಗಾಟ ಒಪ್ಪಿಗೆಯಿಲ್ಲ. ಸತ್ತವರ ಮನೆಯಿಂದ ಬಂದ ಪ್ಲೇಟಿಗೆ ನೂರು ಪೌಂಡ್ ಸಿಕ್ಕಿ, ಅದು ಹಾಸ್ಪಿಸ್‌ನ ನರ್ಸೊಬ್ಬರ ಸಂಬಳಕ್ಕೆ ಸೇರಿದರೆ ಅದಕ್ಕಿಂತ ಯೋಗ್ಯ ಲೆಕ್ಕ ಯಾವುದು? ಆದರೆ ಗೀರು ಬಿದ್ದ ಜಿಮ್ ರೀವ್ಸ್‌ಗೂ ‘ವಿಂಟೇಜ್’ ಎಂಬ ಚೀಟಿ ಅಂಟಿಸಿ ಹತ್ತು ಪೌಂಡ್ ಕೇಳುವುದು ತಪ್ಪು. ಅದನ್ನು ಯಾರೂ ಕೊಳ್ಳುವುದಿಲ್ಲ, ಕ್ರೇಟು ಹಾಗೇ ಕೊಳೆಯುತ್ತದೆ.

ಸಿ.ಡಿ. ಮಾತ್ರ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಓದಲೋ ಕೆಲಸಕ್ಕೋ ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಅದನ್ನೇ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಇಡೀ ಸೆಟ್ಟುಗಳು, ಜಾಝ್, ಐರಿಷ್ ಜಾನಪದ, ಎಲ್ಲವೂ ಒಂದು ಕಾಫಿಯ ಬೆಲೆಗಿಂತ ಕಡಿಮೆಗೆ. ವಿಶ್ವವಿದ್ಯಾಲಯವಿರುವ ಊರುಗಳಲ್ಲಿ ಪ್ರಾಧ್ಯಾಪಕರ ಮನೆಗಳಿಂದ ಬಂದವು ಸಿಗುತ್ತವೆ. ವಾರಾಂತ್ಯದಲ್ಲಿ ಜನ ಮನೆ ಗುಡಿಸಿ ತಂದು ಕೊಡುವುದರಿಂದ ವಾರದ ಮೊದಲ ದಿನಗಳಲ್ಲಿ ಹೋಗುವುದು ಲೇಸು. ಕೆಲವು ಅಂಗಡಿಗಳು ಖಾಲಿ ಡಬ್ಬಿಯನ್ನಷ್ಟೇ ಹೊರಗಿಟ್ಟು ಡಿಸ್ಕನ್ನು ಕೌಂಟರಿನಲ್ಲಿ ಇಟ್ಟುಕೊಂಡಿರುತ್ತವೆ, ಹೊರಡುವ ಮುಂಚೆ ಡಿಸ್ಕು ಒಳಗಿದೆಯೇ ನೋಡಿಕೊಳ್ಳಿ. ಊರಿಗೆ ತರುವಾಗ ಡಿಸ್ಕು, ಪುಸ್ತಿಕೆಗಳನ್ನು ತೆಗೆದು ತೋಳಚೀಲದಲ್ಲಿಟ್ಟು ಪ್ಲಾಸ್ಟಿಕ್ ಡಬ್ಬಿಗಳನ್ನು ಅಲ್ಲೇ ಬಿಟ್ಟರೆ ಅರ್ಧಕ್ಕರ್ಧ ತೂಕ ಉಳಿಯುತ್ತದೆ. ಎಲ್‌ಪಿಯಾದರೆ ಕೈಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡೇ ಬನ್ನಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ. ಕೇಳಿ ಸಾಕೆನಿಸಿದ್ದನ್ನು ಹೊರಡುವ ಮುಂಚೆ ಅದೇ ಅಂಗಡಿಗೆ ಹಿಂದಿರುಗಿಸಿದರೆ ಅವರು ಸಂತೋಷದಿಂದಲೇ ತೆಗೆದುಕೊಂಡು, ಅದನ್ನೇ ಇನ್ನೊಬ್ಬರಿಗೆ ಮತ್ತೆ ಒಂದು ಪೌಂಡಿಗೆ ಮಾರುತ್ತಾರೆ.