ಅಜ್ಜಿಯ ಹೆಸರು ಯಾವ ಪಟ್ಟಿಯಲ್ಲಿ?

ಮಕ್ಕಳೇ, ಈ ದೃಶ್ಯ ನಿಮ್ಮ ಮನೆಯಲ್ಲೂ ನಡೆದಿರುತ್ತೆ. ಭಾನುವಾರ ರಾತ್ರಿ ಹತ್ತು ಗಂಟೆ. ಪ್ರಾಜೆಕ್ಟ್ ಬರೆದು ಮುಗಿದಿದೆ, ಬೆಳಿಗ್ಗೆ ಕೊಡಬೇಕು. ಆಗ ನೆನಪಾಗುತ್ತೆ: ಅಯ್ಯೋ, ಕೊನೆಯ ಪುಟ! ಯಾವ ಪುಸ್ತಕ, ಯಾವ ವೆಬ್‌ಸೈಟ್ ನೋಡಿ ಬರೆದೆ ಅನ್ನುವ ಪಟ್ಟಿಯನ್ನೇ ಹಾಕಿಲ್ಲ.

ನಮ್ಮ ಮನೆಯಲ್ಲಿ ಈ ವರ್ಷ ಆ ಪಟ್ಟಿಯಿಂದ ಒಂದು ಸಣ್ಣ ಜಗಳವೇ ಆಯಿತು. ಎಂಟನೇ ಕ್ಲಾಸಿನ ಮಗಳು ನ್ಯಾಷನಲ್ ಹಿಸ್ಟರಿ ಡೇ ಸ್ಪರ್ಧೆಗೆ ಕರ್ನಾಟಕ ಏಕೀಕರಣದ ಬಗ್ಗೆ ಪ್ರಾಜೆಕ್ಟ್ ಮಾಡಿದಳು. ಆರು ತಿಂಗಳಿಗೆ ಅಂತ ಧಾರವಾಡದಿಂದ ನಮ್ಮತ್ತೆ, ಅಂದರೆ ಮಕ್ಕಳ ಅಜ್ಜಿ, ಬಂದಿದ್ದರು. 1956ರ ನವೆಂಬರ್ 1ರಂದು ಅವರಿಗೆ ಹತ್ತು ವರ್ಷ. ಅಲ್ಲಿಯವರೆಗೆ ಧಾರವಾಡ ಬಾಂಬೆ ರಾಜ್ಯದಲ್ಲಿತ್ತು, ಅವತ್ತು ಹೊಸ ಮೈಸೂರು ರಾಜ್ಯಕ್ಕೆ ಸೇರಿತು. (1973ರಲ್ಲಿ ಅದೇ ಕರ್ನಾಟಕ ಆಯಿತು.) ಸಾಲಿಯಲ್ಲಿ ಪೇಢೆ ಹಂಚಿದ್ದು, ಮಾಸ್ತರರು ಬೋರ್ಡಿನ ಮೇಲೆ ಹೊಸ ನಕ್ಷೆ ಬರೆದದ್ದು ಅಜ್ಜಿಗೆ ಇನ್ನೂ ನೆನಪಿದೆ. ಮಗಳು ಎಲ್ಲಾ ಬರೆದುಕೊಂಡಳು. ಹೈಸ್ಕೂಲಿನಲ್ಲಿರುವ ಮಗನೂ ಬಿಡಲಿಲ್ಲ. ಸೈಕಾಲಜಿ ಪೇಪರಿಗೆ ಅಂತ ಅಜ್ಜಿಯನ್ನು ಕೂರಿಸಿಕೊಂಡು ಕೂಡುಕುಟುಂಬದಲ್ಲಿ ಬೆಳೆದ ಕಥೆ ಕೇಳಿದ.

ಎರಡೂ ಪೇಪರ್ ಪ್ರಿಂಟ್ ಆದ ಮೇಲೆ ಅಜ್ಜಿ ಕನ್ನಡಕ ಹಾಕಿಕೊಂಡು ಕೊನೆಯ ಪುಟ ನೋಡಿದರು. ಮಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಮಗನದರಲ್ಲಿ ಇರಲಿಲ್ಲ. "ಅಕಿ ಬರದಾಳಲ್ಲೋ ಯಪ್ಪಾ, ನೀ ಯಾಕ ಬರದಿಲ್ಲ? ನಾ ಹೇಳಿದ್ದು ಸುಳ್ಳೇನು?" ಅಂದರು. ಮಗ ಹೇಳಿದ್ದು: "ಅಜ್ಜಿ, ರೂಲೇ ಹಂಗಿದೆ."

ರೂಲ್ ಹಾಗೇ ಇದೆ, ನಿಜ. ಯಾಕೆ ಹಾಗಿದೆ ಅನ್ನುವುದನ್ನು ನೋಡೋಣ.

ಕನ್ನಡದ ಹಳೆಯ ಪುಸ್ತಕಗಳ ಕೊನೆಯಲ್ಲಿ ಈ ಪಟ್ಟಿಗೆ 'ಗ್ರಂಥಋಣ' ಅಂತ ಹೆಸರು ಇರುತ್ತೆ. ಋಣ ಅಂದರೆ ಸಾಲ. ಇಷ್ಟು ಪುಸ್ತಕಗಳಿಂದ ನಾನು ಸಾಲ ತಂದಿದ್ದೇನೆ ಅಂತ ಒಪ್ಪಿಕೊಳ್ಳುವುದು. ನನ್ನ ಇಂಜಿನಿಯರ್ ತಲೆಗೆ ಇದು ಇನ್ನೊಂದು ಥರಾನೂ ಕಾಣುತ್ತೆ: ಪಟ್ಟಿಯ ಪ್ರತಿ ಸಾಲೂ ಒಂದು ವಿಳಾಸ. ಓದುವವರು ಆ ವಿಳಾಸ ಹಿಡಿದು ಹೋದರೆ ನೀವು ನೋಡಿದ್ದೇ ಅವರಿಗೂ ಸಿಗಬೇಕು. ಮನೆ ವಿಳಾಸದಲ್ಲಿ ಜಿಪ್ ಕೋಡ್ ತಪ್ಪಿದರೆ ಪಾರ್ಸೆಲ್ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಲ್ಲ, ಇದೂ ಹಾಗೇ. ಯಾರು ಬರೆದದ್ದು, ಏನು ಬರೆದದ್ದು, ಎಲ್ಲಿ ಅಚ್ಚಾಯಿತು, ಯಾವಾಗ. ಈ ನಾಲ್ಕು ಇದ್ದರೆ ವಿಳಾಸ ಹೆಚ್ಚುಕಡಿಮೆ ಪೂರ್ತಿ.

ಹಾಗಾದರೆ ಇಂಗ್ಲಿಷ್ ಟೀಚರ್ ಎಂಎಲ್ಎ ಅಂತಾರೆ, ಸೈಕಾಲಜಿ ಟೀಚರ್ ಎಪಿಎ ಅಂತಾರೆ, ಇತಿಹಾಸದವರು ಶಿಕಾಗೋ ಅಂತಾರೆ, ಯಾಕೆ? ಒಂದೊಂದು ಶಾಸ್ತ್ರಕ್ಕೂ ಒಂದೊಂದು ಅವಸರ. ಶಿಕಾಗೋ ಕೈಪಿಡಿ 1906ರಲ್ಲಿ ಆ ವಿಶ್ವವಿದ್ಯಾಲಯದ ಪ್ರೆಸ್ಸಿನಿಂದ ಬಂತು. ಎಪಿಎ ನಿಯಮಗಳು 1929ರಲ್ಲಿ ಶುರುವಾದಾಗ ಬರೀ ಏಳು ಪುಟದ ಲೇಖನ, ಈಗ ಅದು ದಪ್ಪ ಪುಸ್ತಕ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಎ. ಕೆ. ರಾಮಾನುಜನ್ ಇಂಗ್ಲಿಷಿಗೆ ಮಾಡಿದ್ದಾರೆ. ಅದನ್ನು ಎಂಎಲ್ಎ ಪ್ರಕಾರ ಬರೆದರೆ 1976 ಅನ್ನುವ ವರ್ಷ ಸಾಲಿನ ಕೊನೆಗೆ ಹೋಗುತ್ತೆ. ಎಪಿಎ ಪ್ರಕಾರ ಬರೆದರೆ ಲೇಖಕರ ಹೆಸರಾದ ತಕ್ಷಣ ಕಂಸದೊಳಗೆ ವರ್ಷ. ವಿಜ್ಞಾನ ಓದುವವರು ಮೊದಲು ಕೇಳುವುದೇ 'ಇದು ಎಷ್ಟು ಹಳೆಯದು?' ಅಂತ. ಸಾಹಿತ್ಯ ಓದುವವರಿಗೆ ಆ ಆತುರ ಇಲ್ಲ. ಜೊತೆಗೆ ಎಪಿಎ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸುತ್ತೆ: ಮೂಲ ಕೃತಿ ಬಂದದ್ದು 1965. ಎರಡರಲ್ಲೂ ಅನುವಾದಕರ ಹೆಸರು ಇರಲೇಬೇಕು. ನೀವು ಓದಿದ ವಾಕ್ಯಗಳು ಅವರವು. ಅಲ್ಪವಿರಾಮ ಎಲ್ಲಿ, ಚುಕ್ಕೆ ಎಲ್ಲಿ ಅಂತ ಬಾಯಿಪಾಠ ಮಾಡೋದು ಬೇಡ. ಅದನ್ನು ನೋಡಿ ಬರೆದರೆ ಸಾಕು, ನಾನೂ ನೋಡಿಯೇ ಬರೆಯೋದು.

ನಮ್ಮವರಿಗೆ ನಿಜವಾದ ಕಷ್ಟ ಬರೋದು ಮೊದಲನೇ ಪದದಲ್ಲೇ, ಹೆಸರಿನಲ್ಲಿ.

ಮಗಳ ಪಟ್ಟಿಯಲ್ಲಿ ಆಲೂರು ವೆಂಕಟರಾವ್ ಇದ್ದರು. 'ಕರ್ನಾಟಕ ಗತವೈಭವ' ಬರೆದವರು, ಕರ್ನಾಟಕದ ಕುಲಪುರೋಹಿತರು ಅಂತ ಕರೆಸಿಕೊಂಡವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ನಾಡಗೀತೆ ಬರೆದ ಹುಯಿಲಗೋಳ ನಾರಾಯಣರಾವ್ ಕೂಡ ಇದ್ದರು. ಸೈಟೇಶನ್ ಮಾಡಿಕೊಡುವ ಸಾಫ್ಟ್‌ವೇರಿಗೆ ಹೆಸರು ಕೊಟ್ಟಳು. ಅದು ಇಬ್ಬರನ್ನೂ 'ರಾವ್, ಆಲೂರು ವೆಂಕಟ' ಮತ್ತು 'ರಾವ್, ಹುಯಿಲಗೋಳ ನಾರಾಯಣ' ಅಂತ ಮಾಡಿ ಅಣ್ಣತಮ್ಮಂದಿರ ಹಾಗೆ ಪಕ್ಕಪಕ್ಕ ಕೂರಿಸಿತು. ಅಜ್ಜಿ ಬಿದ್ದು ಬಿದ್ದು ನಕ್ಕರು. ಇಲ್ಲಿ ರಾವ್ ಮನೆತನದ ಹೆಸರಲ್ಲ, ಹೆಸರಿನ ಕೊನೆಗೆ ಸೇರಿಸುವ ಗೌರವದ ಮಾತು. ಧಾರವಾಡದಲ್ಲಿ ಅವರನ್ನು ಆಲೂರರು ಅಂತಾರೆಯೇ ಹೊರತು ರಾವ್ ಅಂತ ಯಾರೂ ಅನ್ನಲ್ಲ. ಅಂದರೆ ಮುಂದಿರುವ ಆಲೂರು ಎಂಬುದೇ ಪಟ್ಟಿಯಲ್ಲೂ ಮುಂದೆ ಇರಬೇಕು. ಮಾಸ್ತಿಯವರ ಕಥೆಯೂ ಹೀಗೇ. ಮಾಸ್ತಿ ಊರಿನ ಹೆಸರು, ನಾವೆಲ್ಲ ಕರೆಯುವುದೂ ಹಾಗೇ, ಸಾಫ್ಟ್‌ವೇರ್ ಮಾತ್ರ ಅಯ್ಯಂಗಾರ್ ಅಂತ ಹುಡುಕು ಅನ್ನುತ್ತೆ.

ಕಾರ್ನಾಡ, ಬೇಂದ್ರೆ, ಕಾರಂತ ಇವರ ಹೆಸರಿನಲ್ಲಿ ತೊಂದರೆ ಇಲ್ಲ. ಮನೆತನದ ಹೆಸರು ಕೊನೆಯಲ್ಲೇ ಇದೆ. ಹಳೇ ಮೈಸೂರಿನ ಕಡೆಯ ನಮಗೆ ಆ ಭಾಗ್ಯ ಇಲ್ಲ. ಅನಂತಮೂರ್ತಿಯವರ 'ಯು' ಅಂದರೆ ಉಡುಪಿ, 'ಆರ್' ಅಂದರೆ ಅವರ ತಂದೆ ರಾಜಗೋಪಾಲಾಚಾರ್ಯ. ಅನಂತಮೂರ್ತಿ ಅನ್ನುವುದು ಸ್ವಂತ ಹೆಸರು. ನನ್ನದೂ ಹಾಗೇ, ಊರು ಒಂದು ಅಕ್ಷರ, ಅಪ್ಪ ಒಂದು ಅಕ್ಷರ, ಆಮೇಲೆ ನಾನು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರು ಲಾಸ್ಟ್ ನೇಮ್ ಆಗಿ ಕೂತಿತು. ಹಾಗಾಗಿ ಇಲ್ಲಿ ಡಾಕ್ಟರ ಬಳಿ ಹೋದರೆ ನರ್ಸ್ ಬಾಗಿಲಿಗೆ ಬಂದು ಹಾಸನದಲ್ಲಿರುವ ನಮ್ಮಪ್ಪನನ್ನು ಕರೀತಾರೆ, ನಾನು ಎದ್ದು ಹೋಗ್ತೀನಿ. ಫಸ್ಟ್ ನೇಮ್, ಲಾಸ್ಟ್ ನೇಮ್ ಅನ್ನುವ ಆ ಎರಡು ಪೆಟ್ಟಿಗೆಗಳನ್ನು ಮಾಡಿದ್ದು ನನ್ನಂಥ ಇಂಜಿನಿಯರುಗಳೇ, ಯಾರನ್ನು ಬೈಯೋದು?

ನಾನು ಮಕ್ಕಳಿಗೆ ಹೇಳುವುದು ಇಷ್ಟು. ಆ ವ್ಯಕ್ತಿಯನ್ನು ಕನ್ನಡದಲ್ಲಿ ಜನ ಯಾವ ಹೆಸರಿನಿಂದ ಕರೆಯುತ್ತಾರೆ ಅಂತ ಮೊದಲು ಮನೆಯಲ್ಲಿ ಕೇಳಿ. ಆಮೇಲೆ ಲೈಬ್ರರಿ ಕ್ಯಾಟಲಾಗಿನಲ್ಲಿ ಯಾವುದರ ಕೆಳಗೆ ಇಟ್ಟಿದ್ದಾರೆ ನೋಡಿ. ಪಂಪ, ಬಸವಣ್ಣ, ಕುವೆಂಪು ಇಂಥ ಒಂದೇ ಹೆಸರನ್ನು ಕತ್ತರಿಸಲು ಹೋಗಬೇಡಿ, ಇಡಿಯಾಗಿ ಬರೆಯಿರಿ. ಕ್ಯಾಟಲಾಗ್ ಹುಡುಕುವಾಗ ಇನ್ನೊಂದು ಸಂಗತಿ. ಬರ್ಕ್ಲಿಯಂಥ ದೊಡ್ಡ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕದ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ನಿಗದಿತ ಪದ್ಧತಿಯಲ್ಲಿ ಬರೆಯುತ್ತಾರೆ. 'ಮೂಕಜ್ಜಿಯ ಕನಸುಗಳು' ಅನ್ನುವಲ್ಲಿ 'ಮೂ' ದೀರ್ಘ ಅಂತ ಯು ಮೇಲೆ ಗೆರೆ, 'ಳು' ಅಂತ ಎಲ್ ಕೆಳಗೆ ಚುಕ್ಕೆ. ನಾವು ವಾಟ್ಸಾಪಿನಲ್ಲಿ ಎರಡು ಓ ಹಾಕಿ ಬರೆದ ಹಾಗೆ ಹುಡುಕಿದರೆ ಪುಸ್ತಕ ಕಪಾಟಿನಲ್ಲಿದ್ದರೂ ಸಿಗದೇ ಹೋಗಬಹುದು.

ಕನ್ನಡದಲ್ಲೇ ಪಟ್ಟಿ ಮಾಡಿದರೆ ವರ್ಣಮಾಲೆಯ ಕ್ರಮದಲ್ಲಿ ಇರಬೇಕು. ಇಲ್ಲೂ ಕಂಪ್ಯೂಟರನ್ನು ಪೂರ್ತಿ ನಂಬಬೇಡಿ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಗೆ, 'ಹ' ಆದ ಮೇಲೆ. ಯುನಿಕೋಡಿನಲ್ಲಿ ಅದನ್ನು 'ಲ' ಪಕ್ಕದಲ್ಲಿ ಕೂರಿಸಿದ್ದಾರೆ. ಬರೀ ಕೋಡ್ ನಂಬರ್ ನೋಡಿ ಜೋಡಿಸಿದರೆ 'ಕಳಸ' ಮೊದಲು, 'ಕವಿ' ಆಮೇಲೆ ಬರುತ್ತೆ. ನಮ್ಮ ಒಂದನೇ ಹಂತದ ಮಕ್ಕಳನ್ನು ಕೇಳಿ, ತಪ್ಪು ಅಂತ ತಕ್ಷಣ ಹೇಳ್ತಾರೆ.

ವಚನಗಳನ್ನು ಬಳಸುವವರಿಗೆ ಒಂದು ಸುಲಭದ ದಾರಿ ಇದೆ. ರಾಮಾನುಜನ್ ಅವರ 1973ರ 'ಸ್ಪೀಕಿಂಗ್ ಆಫ್ ಶಿವ' ತೆರೆದು ಮಗಳು "ಅಪ್ಪಾ, ಇದರಲ್ಲಿ ಪುಟಗಳು ಹರಿದು ಹೋಗಿವೆ" ಅಂದಳು. ವಚನಗಳ ಮೇಲಿನ ನಂಬರು ಎಗರಿ ಎಗರಿ ಹೋಗುತ್ತೆ. ಪುಟ ಹರಿದಿರಲಿಲ್ಲ. ಅವು ಕನ್ನಡ ಸಂಪುಟದ ನಂಬರುಗಳು. ಇಂಗ್ಲಿಷ್ ಓದಿದವರು ಮೂಲ ವಚನವನ್ನು ಹುಡುಕಲಿ ಅಂತ ಹಾಗೇ ಇಟ್ಟಿದ್ದಾರೆ. ನೀವೂ ಆ ನಂಬರನ್ನು ಬರೆಯಿರಿ.

ಈಗ ಎಐ ವಿಚಾರ. ಇದನ್ನು ಅಪ್ಪ ಅಮ್ಮಂದಿರೂ ಓದಿ. ಏಕೀಕರಣದ ಬಗ್ಗೆ ಐದು ಪುಸ್ತಕ ಹೇಳು ಅಂತ ಮಗಳು ಒಂದು ಎಐಯನ್ನು ಕೇಳಿದಳು. ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಎಲ್ಲಾ ಚೊಕ್ಕವಾಗಿ ಕೊಟ್ಟಿತು. ಅಲ್ಪವಿರಾಮ ಕೂಡ ಸರಿಯಾದ ಜಾಗದಲ್ಲಿತ್ತು. ಹುಡುಕಿದರೆ ಅದರಲ್ಲಿ ಎರಡು ಪುಸ್ತಕ ಯಾವ ಲೈಬ್ರರಿಯಲ್ಲೂ ಇಲ್ಲ. ಆ ಯಂತ್ರ ವಿಳಾಸದ ಆಕಾರ ಕಲಿತಿದೆ, ಆ ವಿಳಾಸದಲ್ಲಿ ಮನೆ ಇದೆಯಾ ಅಂತ ಹೋಗಿ ನೋಡಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರೇ ಹೀಗೆ ಎಐ ಕೊಟ್ಟ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಬರೆದುಕೊಟ್ಟು 5,000 ಡಾಲರ್ ದಂಡ ಕಟ್ಟಬೇಕಾಯಿತು. ನೀವು ಕಣ್ಣಾರೆ ನೋಡದ ಪುಸ್ತಕ ನಿಮ್ಮ ಪಟ್ಟಿಯಲ್ಲಿ ಇರಬಾರದು. ಇದೊಂದರಲ್ಲಿ ನಾನು ರಾಜಿ ಆಗಲ್ಲ.

ಇನ್ನು ಇದರ ಉಲ್ಟಾ ಕಥೆ, ಹೆಸರು ನಿಜ ಆದರೆ ಪುಸ್ತಕ ಇಲ್ಲ. ಸುಮಾರು 850ರ ಹೊತ್ತಿಗೆ ಹುಟ್ಟಿದ 'ಕವಿರಾಜಮಾರ್ಗ' ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ. ಅದರಲ್ಲಿ ತನಗಿಂತ ಹಿಂದಿನವರ ಹೆಸರುಗಳಿವೆ: ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರು ಗದ್ಯ ಬರೆದವರು ಅಂತ ಹೇಳುತ್ತೆ. ಇವರು ಕನ್ನಡದಲ್ಲಿ ಬರೆದ ಒಂದು ಪುಟವೂ ನಮಗೆ ಉಳಿದಿಲ್ಲ. ಕನ್ನಡದಲ್ಲಿ ಗದ್ಯ ಬರೆದಿದ್ದರು ಅಂತ ಗೊತ್ತಾಗಿರುವುದೇ ಆ ಪಟ್ಟಿಯಿಂದ. ಸಾಹಿತ್ಯದ ವಿದ್ಯಾರ್ಥಿ ನಾನಲ್ಲ, ಆದರೂ ಇದನ್ನು ಓದಿದ ದಿನ ಬಹಳ ಹೊತ್ತು ಯೋಚನೆ ಮಾಡಿದೆ.

ಅಜ್ಜಿಯ ವಿಷಯಕ್ಕೆ ಬರೋಣ. ಎಂಎಲ್ಎ ಪ್ರಕಾರ ನೀವು ಸ್ವತಃ ಮಾಡಿದ ಸಂದರ್ಶನ ಪಟ್ಟಿಗೆ ಸೇರುತ್ತೆ: ಅವರ ಹೆಸರು, ಸಂದರ್ಶನ ಅನ್ನುವ ಮಾತು, ಮಾಡಿದವರು ಯಾರು, ತಾರೀಖು. ಹಾಗಾಗಿ ಮಗಳ ಪುಟದಲ್ಲಿ ಅಜ್ಜಿ ಆಲೂರರ ಜೊತೆಗೇ ಕೂತಿದ್ದರು. ಹಿಸ್ಟರಿ ಡೇಯವರು ಪ್ರಾಥಮಿಕ ಆಕರ, ದ್ವಿತೀಯ ಆಕರ ಅಂತ ಬೇರೆ ಮಾಡಿ, ಒಂದೊಂದರ ಕೆಳಗೂ ಎರಡು ಮಾತು ಬರೆಯಿರಿ ಅಂತಾರೆ. ಅಲ್ಲಿ ಮಗಳು ಬರೆದಳು: ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯಲ್ಲಿ ಪೇಢೆಯ ವಿಷಯ ಇಲ್ಲ, ಅಜ್ಜಿಯ ಮಾತಿನಲ್ಲಿ ಇದೆ.

ಎಪಿಎ ಬೇರೆ ಪ್ರಶ್ನೆ ಕೇಳುತ್ತೆ: ಓದುವವರು ಇದನ್ನು ಎಲ್ಲಿ ಹೋಗಿ ನೋಡಬೇಕು? ನಮ್ಮ ಅಡುಗೆಮನೆಯಲ್ಲಿ ನಡೆದ ಮಾತನ್ನು ಬೇರೆಯವರು ನೋಡುವ ಹಾಗಿಲ್ಲ. ಅದಕ್ಕೇ ಪೇಪರಿನ ಒಳಗೆ, ಆ ವಾಕ್ಯದ ಪಕ್ಕ, ಹೆಸರು ಮತ್ತು ತಾರೀಖು ಹಾಕಿ 'ಖಾಸಗಿ ಮಾತುಕತೆ' ಅಂತ ಬರೆಯಬೇಕು. ಕೊನೆಯ ಪಟ್ಟಿಗೆ ಅದು ಬರಲ್ಲ. ಮಗ ಒಳಗೆ ಬರೆದೇ ಇದ್ದ, ಅಜ್ಜಿ ನೋಡಿದ್ದು ಕೊನೆಯ ಪುಟ ಮಾತ್ರ. ಇದನ್ನೆಲ್ಲ ವಿವರಿಸಿದೆ. "ಅಂದ್ರ ನಾ ಹೇಳಿದ್ದು ಖರೇ, ಆದ್ರ ನನ್ನ ವಿಳಾಸ ಇಲ್ಲ ಅಂತೀರಿ" ಅಂದರು. ನಾನು ಇಷ್ಟುದ್ದ ಹೇಳಿದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಅದೇ ಮಾತು ಎಲ್ಲಾದರೂ ಅಚ್ಚಾದರೆ ಅದಕ್ಕೆ ವಿಳಾಸ ಬರುತ್ತೆ. ಎಪಿಎ ಕೂಡ ಆಗ ಬೇಡ ಅನ್ನಲ್ಲ. ಹಾಗಾಗಿ ಇಬ್ಬರೂ ಮಕ್ಕಳು ಫೋನಿನಲ್ಲಿದ್ದ ರೆಕಾರ್ಡಿಂಗ್ ಕೇಳಿ ಕೇಳಿ, ಅಜ್ಜಿಯ ಮಾತನ್ನು ಧಾರವಾಡದ ಕನ್ನಡದಲ್ಲೇ ಟೈಪ್ ಮಾಡಿ ನಮ್ಮ ಈ ಪತ್ರಿಕೆಗೇ ಕಳಿಸಿದ್ದಾರೆ. ಮೂರು ವಾರಾಂತ್ಯ ಹಿಡಿಯಿತು. 'ಹೊಂಟಿದ್ವಿ' ಅನ್ನುವುದನ್ನು ಹೇಗೆ ಬರೆಯುವುದು ಅಂತಲೇ ಒಂದು ಗಂಟೆ ಚರ್ಚೆ. ಅಜ್ಜಿ ಊರಿಗೆ ಹೊರಡುವ ಮೊದಲು ಎಲ್ಲಾ ಓದಿ, ಎರಡು ಕಡೆ ತಿದ್ದಿ ಒಪ್ಪಿಗೆ ಕೊಟ್ಟರು. ಈ ಸಂಚಿಕೆಯಲ್ಲೇ ಅದು ಬರುತ್ತಿದೆ. ಪುಟದ ನಂಬರ್ ಸಂಪಾದಕರು ಇನ್ನೂ ಹೇಳಿಲ್ಲ, ಧಾರವಾಡದಿಂದ ವಾರಕ್ಕೆರಡು ಸಲ ಫೋನ್ ಬರುತ್ತಿದೆ.