ಗಾಲಿ ಮನೆಯ ಕ್ರಿಸ್‌ಮಸ್

ಮಗಳ ಮನೆಗೆಂದು ಅಮೆರಿಕಕ್ಕೆ ಹೋದವರು ಸಾಮಾನ್ಯವಾಗಿ ನಯಾಗರ ಜಲಪಾತ ನೋಡಿಕೊಂಡು ಬಂದು ಅದರ ಕಥೆ ಹೇಳುತ್ತಾರೆ. ನನ್ನ ಪಾಲಿಗೆ ಬಂದದ್ದು ಮರುಭೂಮಿ. ಮಗಳು, ಅಳಿಯ ಇರುವುದು ಅರಿಜೋನಾ ರಾಜ್ಯದ ಚಾಂಡ್ಲರ್ ಊರಿನಲ್ಲಿ. ಹೋದ ವರ್ಷ ಮೊಮ್ಮಗಳಿಗೆ ಕ್ರಿಸ್‌ಮಸ್ ರಜೆ ಶುರುವಾದ ಮರುದಿನವೇ ಅಳಿಯ ಒಂದು ಆರ್‌ವಿಯನ್ನು ಬಾಡಿಗೆಗೆ ತಂದು ಮನೆ ಮುಂದೆ ನಿಲ್ಲಿಸಿದ. “ಐದು ದಿನ ಇದೇ ನಮ್ಮ ಮನೆ, ಮಾವ” ಎಂದ.

ಆರ್‌ವಿ ಎಂದರೆ ರಿಕ್ರಿಯೇಷನಲ್ ವೆಹಿಕಲ್. ಬಸ್ಸಿನೊಳಗೇ ಅಡುಗೆಮನೆ, ಬಚ್ಚಲು, ಮಂಚ, ಊಟದ ಮೇಜು ಎಲ್ಲ ಇರುತ್ತದೆ. ಕೆಲವು ತಾವೇ ಓಡುತ್ತವೆ, ಕೆಲವನ್ನು ದೊಡ್ಡ ಗಾಡಿಯ ಹಿಂದೆ ಕಟ್ಟಿ ಎಳೆಯುತ್ತಾರೆ. ನಮ್ಮಂಥವರಿಗೆ ಅದು ಐದು ದಿನದ ಮೋಜು. ಆದರೆ ಮನೆ ಮಾರಿ, ಸಾಮಾನು ಹಂಚಿ, ವರ್ಷವಿಡೀ ಅದರಲ್ಲೇ ಸಂಸಾರ ಮಾಡುವವರೂ ಅಲ್ಲಿ ಬಹಳ ಮಂದಿ ಇದ್ದಾರೆ. ಅಂಥವರನ್ನು ನೋಡಬೇಕಾದರೆ ಚಳಿಗಾಲದಲ್ಲಿ ಕ್ವಾರ್ಟ್‌ಸೈಟ್‌ಗೆ ಹೋಗಬೇಕು. ಫೀನಿಕ್ಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ದೂರದ ಪುಟ್ಟ ಊರು ಅದು. ಬೇಸಿಗೆಯಲ್ಲಿ ಕಾದ ಬಾಣಲೆ. ಚಳಿಗಾಲದಲ್ಲಿ ಕೆನಡಾದಿಂದ, ಉತ್ತರದ ಹಿಮದ ರಾಜ್ಯಗಳಿಂದ ಗಾಲಿ ಮನೆಗಳು ಸಾಲುಸಾಲಾಗಿ ಬಂದು ಬೀಡುಬಿಡುತ್ತವೆ. ಹಿಮಕ್ಕೆ ಹೆದರಿ ದಕ್ಷಿಣಕ್ಕೆ ಬರುವ ಈ ಹಿರಿಯರಿಗೆ ‘ಸ್ನೋಬರ್ಡ್’ ಎಂದೇ ಹೆಸರು.

ನಾವು ಗಾಡಿ ನಿಲ್ಲಿಸಿದ ಜಾಗದ ಪಕ್ಕದಲ್ಲೇ ಅಂಥ ಒಂದು ದಂಪತಿ ಇದ್ದರು. ಆಕೆಗೆ ಎಪ್ಪತ್ತೆಂಟು, ಯಜಮಾನರಿಗೆ ಎಂಬತ್ತು. ಜೊತೆಗೊಂದು ಮುದಿ ನಾಯಿ. ಆರು ವರ್ಷದಿಂದ ಅವರಿಗೆ ಬೇರೆ ಮನೆಯಿಲ್ಲ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಮೊದಲು ಹೊಳೆದ ಪ್ರಶ್ನೆ, ಇವರ ವಿಳಾಸದ ಪುರಾವೆ ಏನು? ಕೇಳಿಯೇಬಿಟ್ಟೆ. ಆಕೆ ನಕ್ಕರು. ಇವರಂಥವರು ಸೌತ್ ಡಕೋಟಾ, ಟೆಕ್ಸಾಸ್, ಫ್ಲಾರಿಡಾ ಮುಂತಾದ ರಾಜ್ಯಗಳಲ್ಲಿ ಕಾಗದದ ಮೇಲೆ ಒಂದು ವಿಳಾಸ ಮಾಡಿಕೊಂಡಿರುತ್ತಾರಂತೆ. ಟಪಾಲು ಅಲ್ಲಿಗೆ ಬರುತ್ತದೆ. ಅಲ್ಲಿನ ಏಜೆನ್ಸಿಯವರು ಅದನ್ನು ಕಟ್ಟು ಕಟ್ಟಿ, ಗಾಡಿ ಎಲ್ಲಿ ನಿಂತಿದೆಯೋ ಆ ಊರಿನ ಅಂಚೆ ಕಚೇರಿಗೆ ಕಳಿಸುತ್ತಾರೆ. ಆ ದಿನ ಬಂದ ಕಟ್ಟಿನಲ್ಲಿ ನಲವತ್ತಕ್ಕೂ ಹೆಚ್ಚು ಕ್ರಿಸ್‌ಮಸ್ ಕಾರ್ಡುಗಳಿದ್ದವು. ಚಾಲಕನ ಸೀಟಿನ ಹಿಂದೆ ಅಡ್ಡಲಾಗಿ ಒಂದು ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಅವನ್ನೆಲ್ಲ ನೇತುಹಾಕುವುದೇ ಅವರ ಮೊದಲ ಅಲಂಕಾರ. “ತೂಕವಿಲ್ಲ, ಒಡೆಯುವುದಿಲ್ಲ, ಜಾಗ ತಿನ್ನುವುದಿಲ್ಲ” ಎಂದರು.

ಗಾಲಿ ಮನೆಯಲ್ಲಿ ಎಲ್ಲವನ್ನೂ ಈ ಮೂರು ತಕ್ಕಡಿಯಲ್ಲಿ ತೂಗಬೇಕು. ಗಾಡಿ ಎಷ್ಟು ತೂಕದ ಜನ, ಸಾಮಾನು ಹೊರಬಹುದು ಎಂದು ಬರೆದ ಚೀಟಿಯೊಂದು ಒಳಗೇ ಅಂಟಿಸಿರುತ್ತದೆ. ಟ್ಯಾಂಕಿನ ನೀರೂ ಲೆಕ್ಕಕ್ಕೆ ಸೇರುತ್ತದೆ. ಜಮಾ–ಖರ್ಚು ತಾಳೆಯಾಗದಿದ್ದರೆ ಟೈರು ಸಿಡಿಯುತ್ತದೆ. ನಮ್ಮ ಬ್ಯಾಂಕಿನಲ್ಲಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂರಿಸುತ್ತಿದ್ದರು, ಅಷ್ಟೆ.

ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ. ಸಹಾಯಕ್ಕೆಂದು ಹೋದವಳು ಅರ್ಧ ದಿನದಲ್ಲಿ ಪಕ್ಕದ ಅಜ್ಜಿಯ ಬಲಗೈ ಆದಳು. ಅವಳು ಕಲಿತದ್ದನ್ನೆಲ್ಲ ನಾನೂ ಕಲಿತೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ತೆಳು ಹಲಗೆಯ ಹಿಂದೆ ವೈರು ಓಡಿರುತ್ತದೆ. ಒಳಗೆ ಅಂಟಿನ ಕೊಕ್ಕೆ, ಕಿತ್ತರೆ ಗುರುತು ಉಳಿಯಬಾರದು. ಹೊರಗೋಡೆಗೆ ಮೊಮ್ಮಗಳು ನಮ್ಮ ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ತಂದು ಅಂಟಿಸಲು ನೋಡಿದಳು. ಅದು ಟಪ್ಪೆಂದು ಕೆಳಗೆ ಬಿತ್ತು. ತಗಡಿನಂತೆ ಕಂಡರೂ ಅದು ಫೈಬರ್‌ಗ್ಲಾಸ್, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಗಾಳಿ ಹೀರಿ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಕೊಕ್ಕೆಯೇ ಬೇಕು. ಬಾಗಿಲ ಮೇಲಿನ ಬಟ್ಟೆಯ ಚಪ್ಪರಕ್ಕೆ ದೀಪ ಕಟ್ಟಬಾರದು, ಮರುಭೂಮಿಯಲ್ಲಿ ಗಾಳಿ ಎದ್ದರೆ ಚಪ್ಪರವನ್ನು ಕ್ಷಣದಲ್ಲಿ ಸುತ್ತಿಬಿಡಬೇಕಾಗುತ್ತದೆ. ಒಂದು ಕಿಟಕಿಗೆ ಕೆಂಪು ಹಿಡಿಕೆ ಇತ್ತು. ಬೆಂಕಿ ಬಿದ್ದರೆ ಹಾರಿಕೊಳ್ಳುವ ಕಿಟಕಿ ಅದು. ಮೊಮ್ಮಗಳು ಬಣ್ಣದ ಕಾಗದದ ಸರವನ್ನು ಅಲ್ಲಿ ಕಟ್ಟಹೋದಾಗ ಮಾತ್ರ ಅಜ್ಜಿಯ ದನಿ ಗಟ್ಟಿಯಾಯಿತು.

ಕ್ರಿಸ್‌ಮಸ್ ಮರ ಒಂದೂವರೆ ಅಡಿಯದು, ಛತ್ರಿಯಂತೆ ಮಡಚಿಡಬಹುದು. ಅದನ್ನು ಎಲ್ಲಿಡಬೇಕು ಎನ್ನುವುದಕ್ಕೂ ಶಾಸ್ತ್ರವಿದೆ. ಅವರ ಗಾಡಿಯ ಒಂದು ಪಕ್ಕದ ಗೋಡೆ ಮೋಟಾರಿನಿಂದ ಮೇಜಿನ ಖಾನೆಯ ಹಾಗೆ ಹೊರಗೆ ಜಾರಿ ಕೋಣೆಯನ್ನು ಅಗಲ ಮಾಡುತ್ತದೆ. ಹೊರಡುವಾಗ ಮತ್ತೆ ಒಳಗೆಳೆಯಬೇಕು. ಮೊದಲ ವರ್ಷ ಮರ ಅಡ್ಡವಿರುವುದನ್ನು ಮರೆತು ಗುಂಡಿ ಒತ್ತಿದ್ದರಂತೆ. “ಆ ವರ್ಷದ ಮರ ಚಪಾತಿ ಆಯಿತು” ಎಂದು ಮಗಳು ಕನ್ನಡದಲ್ಲಿ ವ್ಯಾಖ್ಯಾನ ಕೊಟ್ಟಳು.

ಚಾಂಡ್ಲರ್‌ನಲ್ಲಿ ಒಂದು ಪದ್ಧತಿಯಿದೆ. ಮರುಭೂಮಿಯ ಗಾಳಿಗೆ ಉರುಳಿಕೊಂಡು ಹೋಗುವ ಒಣ ಮುಳ್ಳುಪೊದೆಗಳನ್ನು, ಟಂಬಲ್‌ವೀಡ್ ಎನ್ನುತ್ತಾರೆ, ನೂರಾರು ಆರಿಸಿ ತಂದು ತಂತಿಬಲೆಯ ಮೇಲೆ ಪೇರಿಸಿ, ಬಣ್ಣ ಬಳಿದು ಊರಿನ ಕ್ರಿಸ್‌ಮಸ್ ಮರ ಮಾಡುತ್ತಾರೆ. 1957ರಿಂದ ನಡೆದುಬಂದದ್ದು. ನಮ್ಮ ಹುಡುಗಿಗೆ ಅದೇ ನೆನಪು. ಎಲ್ಲಿಂದಲೋ ಒಂದು ದುಂಡನೆಯ ಪೊದೆ ಹೊತ್ತು ತಂದಳು. ಒಳಗೆ ಬೇಡವೆಂದ ಅಜ್ಜಿ ಅದನ್ನು ಹೊರಗಿನ ಮೇಜಿನ ಮೇಲಿಟ್ಟು, ಅದರೊಳಗೆ ಒಂದು ದೀಪದ ಸರ ತುರುಕಿದರು. ಕತ್ತಲಾದ ಮೇಲೆ ಚೆಂದವೇ ಕಂಡಿತು.

ಇನ್ನು ಪೆಟ್ಟಿಗೆಯ ವಿಷಯ. ಹಳೆಯ ಮನೆಯ ಅಟ್ಟದ ತುಂಬ ನಲವತ್ತು ವರ್ಷದ ಅಲಂಕಾರದ ಸಾಮಾನಿತ್ತಂತೆ. ಮೂವರು ಮಕ್ಕಳನ್ನು ಕರೆದು ನೆಲದ ಮೇಲೆ ಹರಡಿ, ಬೇಕಾದ್ದು ಆರಿಸಿಕೊಳ್ಳಿ ಎಂದರಂತೆ. ತಮಗೆ ಉಳಿಸಿಕೊಂಡದ್ದು ಬೂಟಿನ ಡಬ್ಬಿಯಷ್ಟು. ಗಾಜಿನ ಗುಂಡುಗಳು ಮೊಟ್ಟೆಯ ಟ್ರೇಯಲ್ಲಿ, ಒಂದೊಂದರ ಮೇಲೂ ಹಳೆಯ ಕಾಲುಚೀಲ. ಒಂದು ಮರದ ಒಂಟೆ. ಏಸು ಹುಟ್ಟಿದ ದೃಶ್ಯದ ಗೋದಲಿಯ ಬೊಂಬೆಗಳಲ್ಲಿ ಅದೊಂದನ್ನೇ ಇಟ್ಟುಕೊಂಡು, ಉಳಿದ ಮಾತೆ, ಮಗು, ಕುರುಬರು, ರಾಜರು ಎಲ್ಲರನ್ನೂ ಮಗಳಿಗೆ ಕೊಟ್ಟಿದ್ದರು. ಒಂಟೆಯೇ ಯಾಕೆ ಎಂದೆ. “ಅವರೆಲ್ಲ ತಲುಪಿ ಆಗಿದೆ. ಇದು ಇನ್ನೂ ನಡೆಯುತ್ತಿದೆ” ಎಂದರು.

(ಒಂಟೆಗೂ ಆ ಊರಿಗೂ ನಂಟಿದೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಸಾಮಾನು ಹೊರಲೆಂದು ಹಡಗಿನಲ್ಲಿ ಒಂಟೆಗಳನ್ನು ತರಿಸಿತು. ಅವನ್ನು ನಡೆಸಲು ಬಂದವರಲ್ಲಿ ಹಾಜಿ ಅಲಿ ಒಬ್ಬ. ಆ ಹೆಸರು ಅಲ್ಲಿಯವರ ಬಾಯಲ್ಲಿ ‘ಹೈ ಜಾಲಿ’ ಆಯಿತು. 1902ರಲ್ಲಿ ಅಲ್ಲೇ ತೀರಿಕೊಂಡ. ಅವನ ಸಮಾಧಿಯ ಮೇಲೆ ಕಲ್ಲಿನ ಪಿರಮಿಡ್, ಅದರ ತುದಿಯಲ್ಲಿ ಲೋಹದ ಒಂಟೆ. ನಾವೂ ಹೋಗಿ ಫೋಟೊ ತೆಗೆಸಿಕೊಂಡೆವು.)

ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ಡಬ್ಬಿ, ಅದರಲ್ಲಿ ಅಕ್ಕಿ, ಅಕ್ಕಿಯೊಳಗೆ ಹುದುಗಿಸಿಟ್ಟ ಒಂದು ನಕ್ಷತ್ರ. ಹಿರಿಯ ಮಗ ಒಂದನೇ ತರಗತಿಯಲ್ಲಿ ಉಪ್ಪು, ಮೈದಾ ಕಲಸಿ ಮಾಡಿದ್ದು. ಐದು ಮೂಲೆಯಲ್ಲಿ ಒಂದು ಮುರಿದಿತ್ತು. ಉಪ್ಪಿನ ಹಿಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಮುಚ್ಚಿದ ಗಾಡಿಯಲ್ಲಿ ತೇವ ಹೆಚ್ಚು. ಶಾಲೆಯ ಮಕ್ಕಳು ಇದನ್ನು ಲೆಕ್ಕ ಮಾಡಿ ನೋಡಬಹುದು. ಅವರ ಒಲೆಗೆ ಪ್ರೊಪೇನ್ ಅನಿಲ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಅಡುಗೆ ಮಾಡಿದ ಮೇಲೆ ಕಿಟಕಿಯ ಗಾಜು ಬೆವರುವುದು ಅದಕ್ಕೇ. ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕುವ ನಮ್ಮ ಅಜ್ಜಿಯಂದಿರ ಉಪಾಯವೇ ಆ ನಕ್ಷತ್ರವನ್ನು ಉಳಿಸಿತ್ತು.

“ನಿಮ್ಮಲ್ಲೂ ಇಂಥ ಪೆಟ್ಟಿಗೆ ಇದೆಯೇ?” ಎಂದು ಆಕೆ ಕೇಳಿದರು. ಮೈಸೂರಿನ ನಮ್ಮ ಮನೆಯ ದಸರಾ ಗೊಂಬೆಗಳ ಬಗ್ಗೆ ಹೇಳಿದೆ. ಮೂರು ಟ್ರಂಕು. ನನ್ನಾಕೆ ತೀರಿಕೊಂಡ ಮೇಲೆ ನಾಲ್ಕು ದಸರಾದಿಂದ ತೆಗೆದೇ ಇಲ್ಲ. ಮನೆ ಬಿಟ್ಟು ಎರಡು ಕೋಣೆಯ ಫ್ಲ್ಯಾಟಿಗೆ ಹೋಗಬೇಕೆಂದಿದ್ದೇನೆ, ಅಲ್ಲಿ ಅಟ್ಟವಿಲ್ಲ. “ಒಂದೇ ಪೆಟ್ಟಿಗೆ ಎಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮಾತು ಬದಲಿಸಲು, ನಾನೇ ನಿಮಗೆ ಕಾಫಿ ಮಾಡಿಕೊಡುತ್ತೇನೆ ಎಂದು ಎದ್ದೆ.

ಅಲ್ಲಿ ನಾನು ಮಾಡಿದ ಎಡವಟ್ಟು ಕೇಳಿ.

ಅವರ ಗಾಡಿಗೆ ಹೊರಗಿನ ಕಂಬದಿಂದ 30 ಆಂಪಿಯರ್ ಕರೆಂಟು. ಅಮೆರಿಕದ ವೋಲ್ಟೇಜ್ 120. ಗುಣಿಸಿದರೆ 3600 ವ್ಯಾಟ್, ಅಷ್ಟೇ ಅವರ ಖಾತೆಯಲ್ಲಿರುವ ಬಾಕಿ. ದೀಪಗಳಿಂದ ಭಯವಿಲ್ಲ. ಹಳೆಯ ಕಾಲದ ದಪ್ಪ ಬಲ್ಬಿನ ಸರವಾದರೆ 25 ಬಲ್ಬಿಗೆ ತಲಾ ಏಳರಂತೆ 175 ವ್ಯಾಟ್ ನುಂಗುತ್ತಿತ್ತು. ಈಗಿನ ಎಲ್‌ಇಡಿ ಪುಟ್ಟ ದೀಪ ನೂರಿದ್ದರೂ ಐದಾರು ವ್ಯಾಟ್. ನುಂಗುವುದು ಬಿಸಿ ಮಾಡುವ ಸಾಮಾನುಗಳು. ಆ ಸಂಜೆ ಚಳಿಗೆ ಹೀಟರ್ ಉರಿಯುತ್ತಿತ್ತು, 1500. ಸ್ನಾನದ ನೀರಿನ ಬಾಯ್ಲರ್, 1400. ನಾನು ಹೋಗಿ ಎಲೆಕ್ಟ್ರಿಕ್ ಕೆಟಲ್ ಹಾಕಿದೆ, ಇನ್ನೊಂದು 1500. ಒಟ್ಟು 4400. ಜೀವಮಾನವೆಲ್ಲ ಕೂಡಿಸಿ ಕಳೆದವನು ಅಂದು ಕೂಡಿಸಲಿಲ್ಲ. ನೀರು ಇನ್ನೇನು ಕುದಿಯಬೇಕು, ಬ್ರೇಕರ್ ಬಿದ್ದುಹೋಯಿತು.

ಒಳಗೆ ಚಾವಣಿಯ ದೀಪ ಆರಲಿಲ್ಲ, ಅದು ಗಾಡಿಯ ಬ್ಯಾಟರಿಯದು. ಪುಟ್ಟ ಮರವೂ ಸೆಲ್ಲಿನ ಮೇಲೆ ಮಿನುಗುತ್ತಲೇ ಇತ್ತು. ಹೊರಗಿನದು ಪೂರ್ತಿ ಕತ್ತಲು. ನಾನು ಕ್ಷಮೆ ಕೇಳಲು ತಿರುಗಿದರೆ ಆಕೆಯ ಮುಖ ಬಿಳಿಚಿಕೊಂಡಿತ್ತು. “ಅವರು ಹೊರಗಿದ್ದಾರೆ” ಎಂದರು.

ಯಜಮಾನರು ನಾಯಿಯನ್ನು ಅಡ್ಡಾಡಿಸಲು ಹೋಗಿದ್ದರು. ಅವರ ಕಣ್ಣು ಎರಡು ವರ್ಷದಿಂದ ಕೆಡುತ್ತಾ ಬಂದಿದೆ, ನೋಟದ ನಟ್ಟನಡುವೆ ಮಬ್ಬು. ರಸ್ತೆಯಂಚಿನಿಂದ ಬಾಗಿಲವರೆಗೆ ನೆಲದ ಮೇಲೆ ಎರಡೂ ಬದಿಗೆ ಹಾಸಿದ್ದ ದೀಪದ ಹಗ್ಗ, ಮೆಟ್ಟಿಲಿಗೆ ಸುತ್ತಿದ್ದ ಕೆಂಪು ದೀಪ, ಇವನ್ನೆಲ್ಲ ನಾನು ಹಬ್ಬದ ಅಲಂಕಾರ ಎಂದುಕೊಂಡಿದ್ದೆ. ಆ ಎರಡು ಗೆರೆಗಳ ನಡುವೆ ನಡೆದೇ ಅವರು ಪ್ರತಿರಾತ್ರಿ ಮನೆ ಸೇರುತ್ತಿದ್ದುದು.

ನಾವು ಇಳಿಯುವಷ್ಟರಲ್ಲಿ ಮೊಮ್ಮಗಳು ಅವಳಮ್ಮನ ಫೋನಿನ ಟಾರ್ಚ್ ಹಿಡಿದು ಓಡಿದ್ದಳು. ಅವರು ಜಾಣರು. ಕತ್ತಲಾದೊಡನೆ ನಾಯಿಯ ಹಗ್ಗ ಬಿಗಿಹಿಡಿದು ನಿಂತಲ್ಲೇ ನಿಂತಿದ್ದರು. ಎರಡು ಹೆಜ್ಜೆ ಆಚೆ ಒಂದು ಸಣ್ಣ ಕಾಲುವೆ. ಮೊಮ್ಮಗಳು ಅವರ ಕೈ ಹಿಡಿದು ಕರೆತಂದಳು. ಬಂದವರು, “ಯಾರು ಕಾಫಿ ಮಾಡಿದ್ದು?” ಎಂದು ಕೇಳಿ ಜೋರಾಗಿ ನಕ್ಕರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯನನ್ನು ಎಬ್ಬಿಸಿ ಅಂಗಡಿಗೆ ಕರೆದೊಯ್ದೆ. ಬಿಸಿಲಿನಲ್ಲಿ ತಾನೇ ಚಾರ್ಜ್ ಆಗುವ ಸೋಲಾರ್ ದೀಪದ ಸರ ಎರಡು ಕೊಂಡೆವು. ಬ್ರೇಕರ್ ಬೀಳಲಿ, ಬಿಡಲಿ, ಅದಕ್ಕೆ ಸಂಬಂಧವಿಲ್ಲ. ಮೊಮ್ಮಗಳೂ ನಾನೂ ಮಂಡಿಯೂರಿ ದಾರಿಯ ಎರಡೂ ಬದಿಗೆ ಹಾಸಿದೆವು. ಹಬ್ಬ ಮುಗಿದರೂ ಇವನ್ನು ತೆಗೆಯುವುದಿಲ್ಲ ಎಂದರು ಆಕೆ. ಮುಂದಿನ ಕ್ರಿಸ್‌ಮಸ್ಸಿಗೆ ಈ ಗಾಡಿ ಮಗಳ ಮನೆಯ ಹಿತ್ತಲಿನಲ್ಲಿ ಶಾಶ್ವತವಾಗಿ ನಿಲ್ಲಬಹುದು, ಯಜಮಾನರು ಇನ್ನೂ ಒಪ್ಪಿಲ್ಲ ಎಂದೂ ಮೆಲ್ಲಗೆ ಹೇಳಿದರು. ಒಪ್ಪದಿರುವುದು ನನಗೆ ಅರ್ಥವಾಯಿತು.

ಮೈಸೂರಿಗೆ ಬಂದ ಮೇಲೆ ಅಟ್ಟದ ಟ್ರಂಕುಗಳನ್ನು ಪಕ್ಕದ ಮನೆಯ ಹುಡುಗನಿಂದ ಇಳಿಸಿಕೊಂಡೆ. ಭಾನುವಾರ ಬೆಳಿಗ್ಗೆ ಇಲ್ಲಿಂದ ನಾನು ಒಂದೊಂದೇ ಗೊಂಬೆ ಎತ್ತಿ ತೋರಿಸುತ್ತೇನೆ, ಅಲ್ಲಿಂದ ಫೋನಿನಲ್ಲಿ ಮೊಮ್ಮಗಳು ಬೇಕು, ಬೇಡ ಎನ್ನುತ್ತಾಳೆ. ರಕ್ತಚಂದನದ ಪಟ್ಟದ ಗೊಂಬೆಗಳ ಬಗ್ಗೆ ಚರ್ಚೆಯೇ ಇರಲಿಲ್ಲ. ಈವರೆಗೆ ಹನ್ನೊಂದು ಆಗಿದೆ. ತಕ್ಕಡಿ ಮುರಿದ ಶೆಟ್ಟರ ಅಂಗಡಿ ಬೇಡ ಎಂದು ನಾನು, ಅದು ಅಜ್ಜಿ ತನಗೆ ತೋರಿಸಿದ್ದು, ಬೇಕೇ ಬೇಕು ಎಂದು ಅವಳು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿಲ್ಲ.