ಕಡಲಡಿಯ ಕೃತಕ ಬಂಡೆಗಳು

ರಾಯಚೂರು ಸೀಮೆಗೆ ಕಡಲು ಬಹು ದೂರ. ಆದರೂ ಕೃಷ್ಣೆ ತುಂಗಭದ್ರೆಗಳ ನಡುವೆ ಬೆಳೆದವರಿಗೆ ಬಂಡೆಗೂ ಮೀನಿಗೂ ಇರುವ ನಂಟು ಹೊಸದಲ್ಲ. ದೇವದುರ್ಗದ ಕಡೆ ಕೃಷ್ಣೆಯಲ್ಲಾಗಲಿ, ಮಾನ್ವಿಯ ಕಡೆ ತುಂಗಭದ್ರೆಯಲ್ಲಾಗಲಿ ಮೀನು ಹಿಡಿಯುವವರು ಬಂಡೆಗಳ ನಡುವಣ ಮಡುವನ್ನು ಅರಸಿಹೋಗುತ್ತಾರೆ. ಕಡಲಿನಲ್ಲಿಯೂ ಇದೇ ನ್ಯಾಯ.

ಕರ್ನಾಟಕದ ತೀರಕ್ಕೆ ಸಮೀಪದ ಕಡಲತಳ ಬಹುಪಾಲು ಮರಳು, ಕೆಸರು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಬಂಡೆಯೂ ಹವಳವೂ ಇರುವುದರಿಂದ ಅಲ್ಲಿ ಬಣ್ಣಬಣ್ಣದ ಮೀನುಗಳ ಸಂತೆಯೇ ನೆರೆದಿದೆ. ಸಿಂಪಿ, ಸ್ಪಂಜು ಮೊದಲಾದ ಜೀವಿಗಳ ಮರಿಗಳು ಮೊದಮೊದಲು ನೀರಿನಲ್ಲಿ ತೇಲಾಡುತ್ತವೆ; ಮುಂದೆ ಬೆಳೆಯಲು ಅವಕ್ಕೆ ಗಟ್ಟಿಯಾದ ನೆಲೆ ಬೇಕು. ಅವು ನೆಲೆಯೂರಿದವೆಂದರೆ ಅವನ್ನು ತಿನ್ನಲು ಸಣ್ಣ ಮೀನು, ಅದರ ಬೆನ್ನಿಗೆ ದೊಡ್ಡ ಮೀನು. ಟ್ರಾಲ್ ಬಲೆಗಳು ತಳವನ್ನು ಗೋರಿ ಇಂತಹ ನೆಲೆಗಳನ್ನು ಹಾಳುಗೆಡವಿದ ಕಡೆ ಮನುಷ್ಯನೇ ಬಂಡೆಯನ್ನು ಮಾಡಿ ಮುಳುಗಿಸಬಹುದು. ಅದೇ ಕೃತಕ ಬಂಡೆಸಾಲು. ಜಪಾನಿನಲ್ಲಿ 17ನೆಯ ಶತಮಾನದಲ್ಲಿಯೇ ಕಲ್ಲುಗಳನ್ನು ಕಡಲಿಗೆ ಹಾಕಿ ಕಡಲಕಳೆ ಬೆಳೆಸುತ್ತಿದ್ದರು.

ಹಾಗಾದರೆ ಕೈಗೆ ಸಿಕ್ಕಿದ್ದನ್ನೆಲ್ಲ ಮುಳುಗಿಸಿದರಾಯಿತೆ? ಅಮೆರಿಕದಲ್ಲಿ ಹಾಗೆಯೇ ಎಣಿಸಿದರು. 1972ರಲ್ಲಿ ಫ್ಲಾರಿಡದ ಫೋರ್ಟ್ ಲಾಡರ್‌ಡೇಲ್ ಬಳಿ ಹಳೆಯ ಟೈರುಗಳನ್ನು ಕಂತೆ ಕಟ್ಟಿ ಮುಳುಗಿಸತೊಡಗಿದರು. ಅವುಗಳ ಸಂಖ್ಯೆ ಸುಮಾರು 20 ಲಕ್ಷ. ಇಲ್ಲಿ ನಾವು ಆರ್ಕಿಮಿಡೀಸನನ್ನು ನೆನೆಯಬೇಕು. ಒಂದು ಘನ ಮೀಟರು ಕಾಂಕ್ರೀಟು ಸುಮಾರು 2,400 ಕಿಲೋಗ್ರಾಂ ತೂಗುತ್ತದೆ. ಅದು ಸರಿಸುವ ಕಡಲ ನೀರು 1,025 ಕಿಲೋಗ್ರಾಂ. ಮುಳುಗಿದ ಮೇಲೂ ಅದಕ್ಕೆ 1,375 ಕಿಲೋಗ್ರಾಂ ತೂಕ ಉಳಿಯಿತು. ರಬ್ಬರಾದರೋ ನೀರಿಗಿಂತ ಕೊಂಚವೇ ಸಾಂದ್ರ. ನೀರಿನಲ್ಲಿ ಅದಕ್ಕೆ ತೂಕವೇ ಇಲ್ಲವೆನ್ನಬೇಕು. ಮೇಲಾಗಿ ಪ್ರವಾಹದ ವೇಗ ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುತ್ತದೆ. ಕಟ್ಟುಗಳು ಕಳಚಿದೊಡನೆ ಬಿರುಗಾಳಿಗಳು ಟೈರುಗಳನ್ನು ಉರುಳಿಸಿ, ಪಕ್ಕದ ನಿಜವಾದ ಹವಳದ ಮೇಲೆಯೇ ಕೆಡವಿದವು! ದಶಕಗಳ ತರುವಾಯ ಮುಳುಗುಗಾರರು ಅವನ್ನು ಹೆಕ್ಕಿ ತೆಗೆಯಬೇಕಾಯಿತು.

ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕಾಂಕ್ರೀಟನ್ನೇ ಆರಿಸಿಕೊಂಡರು. ಅವರ ಬಂಡೆಗಳಲ್ಲಿ ತ್ರಿಕೋನಾಕೃತಿಯವೂ ಉಂಟು, ನಮ್ಮ ಬಾವಿಗಳಿಗೆ ಇಳಿಸುವ ಸಿಮೆಂಟಿನ ಬಳೆಯಂತಹವೂ ಉಂಟು. ಮೈತುಂಬ ತೂತುಗಳು. ತೂತಿನಲ್ಲಿ ನೀರು ನುಗ್ಗಿ ಹೋಗುವುದರಿಂದ ನೂಕು ತಗ್ಗುತ್ತದೆ. ಮರಿಮೀನಿಗೆ ಅಡಗುತಾಣವೂ ಆಗುತ್ತದೆ.

ರಾಯಚೂರಿನವರು ಕೇಳಲೇಬೇಕಾದ ಮಾತೊಂದಿದೆ. 1985ರಿಂದ ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರ ಕಲ್ಲಿದ್ದಲನ್ನು ಸುಟ್ಟು ಬೂದಿಯ ರಾಶಿಯನ್ನೇ ಹೊರಹಾಕಿದೆ. ಇಂತಹ ಬೂದಿಯಿಂದ ಬಂಡೆ ಮಾಡಬಹುದೆ? 1980ರಲ್ಲಿ ನ್ಯೂಯಾರ್ಕಿನ ಕಡಲಲ್ಲಿ ಕಲ್ಲಿದ್ದಲ ತ್ಯಾಜ್ಯದ ಸುಮಾರು 16,000 ಇಟ್ಟಿಗೆಗಳನ್ನು ಮುಳುಗಿಸಿ ನೋಡಿದರು. ಅವು ಕರಗಲಿಲ್ಲ, ಜೀವಿಗಳೂ ನೆಲೆಸಿದವು. ಆದರೆ ಬೂದಿಯಲ್ಲಿ ಆರ್ಸೆನಿಕ್ಕಿನಂತಹ ವಿಷವಸ್ತುಗಳು ಅಲ್ಪ ಪ್ರಮಾಣದಲ್ಲಿರುತ್ತವೆ. ಅವು ನೀರಿಗಿಳಿಯುವವೇ ಎಂದು ಪ್ರತಿ ಬೂದಿಯನ್ನೂ ಪರೀಕ್ಷಿಸದೆ ಕಡಲಿಗೆ ಹಾಕುವುದು ಸಲ್ಲದೆಂದು ನಮ್ಮ ಮತ.

ಇನ್ನೊಂದು ತೊಡಕು ವಿಜ್ಞಾನಿಗಳನ್ನು ಇಂದಿಗೂ ಕಾಡುತ್ತಿದೆ. ಬಂಡೆಯ ಬಳಿ ಮೀನು ಹೆಚ್ಚಿತೆಂದರೆ ಅಲ್ಲಿ ಹೊಸದಾಗಿ ಬೆಳೆಯಿತೋ, ಸುತ್ತಲಿನ ಮೀನೇ ಬಂದು ಕೂಡಿತೋ? ಬರಿದೆ ಕೂಡಿದ್ದಾದರೆ ಒಂದೇ ಬಲೆಗೆ ಎಲ್ಲವೂ ಬಿದ್ದುಹೋದಾವು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಉಳಿದ 10 ತಿಂಗಳು ಬಂಡೆಯೇ ತನ್ನನ್ನು ಕಾಯ್ದುಕೊಳ್ಳಬೇಕು. ಕೊಂಚಮಟ್ಟಿಗೆ ಕಾಯ್ದುಕೊಳ್ಳುತ್ತದೆ ಕೂಡ: ಟ್ರಾಲ್ ಬಲೆ ಕಾಂಕ್ರೀಟಿಗೆ ಸಿಕ್ಕಿದರೆ ಹರಿಯುತ್ತದೆ, ಗಾಳ ಹಾಕುವ ಸಣ್ಣ ದೋಣಿಯವನಿಗೆ ಆ ಭಯವಿಲ್ಲ.